ಬಳಿಯದೆ ಬಿಟ್ಟ ಜಾಗ

ಏಪ್ರಿಲ್ ಅರ್ಧ ಕಳೆದಿತ್ತು. ಗುಡ್ಡದಾಚೆಯ ಹೊಲಗಳಿಗೆ ಗೊಬ್ಬರ ಚೆಲ್ಲುವ ಕಾಲ. ಗಾಳಿ ಪಡುವಣದಿಂದ ಬೀಸಿದ ದಿನ ಸಗಣಿಯ ವಾಸನೆ ಊರೊಳಗಿನ ಬೀದಿಬೀದಿಗೂ ಇಳಿಯುತ್ತಿತ್ತು. ಪೇಟೆಯವರು ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಲೆಸ್ಟರ್ ಬ್ರೂಬೇಕರ್ ಮಾತ್ರ ತನ್ನ ಲಾರಿಯ ಗಾಜನ್ನು ಪೂರ್ತಿ ಇಳಿಸಿ, ಆ ವಾಸನೆಯನ್ನು ಒಳಗೆಳೆದುಕೊಳ್ಳುತ್ತ, ತೊರೆಯ ದಂಡೆಯ ದಾರಿಯಲ್ಲಿ ನಿಧಾನವಾಗಿ ಬರುತ್ತಿದ್ದ.

ನಗರಸಭೆಯ ಗೋಡೆ ಬಳಿಯುವ ಕೆಲಸ ಅವನದು. ಹುಡುಗರು ಸ್ಪ್ರೇ ಡಬ್ಬಿ ಹಿಡಿದು ಸೇತುವೆಯ ಕೆಳಗೆ, ಗೋದಾಮಿನ ಬೆನ್ನಿಗೆ, ಶಾಲೆಯ ಕಾಂಪೌಂಡಿಗೆ ಬರೆದದ್ದನ್ನೆಲ್ಲ ರೋಲರ್ ಎಳೆದು ಮುಚ್ಚುವುದು. ಚಳಿಗಾಲದಲ್ಲಿ ಬಣ್ಣ ಗೋಡೆಯನ್ನು ಹಿಡಿಯುವುದಿಲ್ಲ, ಸುಲಿದ ಆಲೂಗಡ್ಡೆಯ ಸಿಪ್ಪೆಯಂತೆ ಉದುರುತ್ತದೆ. ಹಾಗಾಗಿ ಹಿಮ ಬೀಳುವ ತಿಂಗಳುಗಳೆಲ್ಲ ಹುಡುಗರ ಕಾಲ, ಹಿಮ ಕರಗಿದ ಮೇಲೆ ಲೆಸ್ಟರನ ಕಾಲ. ಏಪ್ರಿಲಿನಲ್ಲಿ ಅವನಿಗೆ ಸುಗ್ಗಿಯಷ್ಟು ಕೆಲಸ.

ಬಣ್ಣವನ್ನು ನಗರಸಭೆ ಅಂಗಡಿಯಿಂದ ತರಿಸುತ್ತಿರಲಿಲ್ಲ. ಜನ ಮನೆ ಬಳಿಸಿ ಉಳಿದದ್ದನ್ನು, ನೆಲಮಾಳಿಗೆಯಲ್ಲಿ ವರ್ಷಗಟ್ಟಲೆ ಬಿದ್ದ ಡಬ್ಬಿಗಳನ್ನು ತಂದು ಒಪ್ಪಿಸುವ ಜಾಗವೊಂದಿತ್ತು. ಅವನ್ನೆಲ್ಲ ಒಂದೇ ಪೀಪಾಯಿಗೆ ಸುರಿದು ಕಲಸುತ್ತಿದ್ದರು. ಯಾರದೋ ಅಡುಗೆಮನೆಯ ಹಳದಿ, ಯಾರದೋ ಕೂಸಿನ ಕೋಣೆಯ ತಿಳಿನೀಲಿ, ಯಾರದೋ ಬಾಗಿಲಿನ ಕಡುಗೆಂಪು, ಎಲ್ಲ ಸೇರಿ ಕೊನೆಗೆ ಒಂದು ಬೂದಿಬಣ್ಣ. ಊರಿನ ಹುಡುಗರು ಲೆಸ್ಟರನಿಗೆ ಬೂದಿ ತಾತ ಎಂದೇ ಹೆಸರಿಟ್ಟಿದ್ದರು. ಅವನಿಗೆ ಅದು ಗೊತ್ತಿತ್ತು, ಬೇಜಾರಿರಲಿಲ್ಲ.

ತೊರೆಯ ಗೋಡೆ ಉದ್ದವಾದದ್ದು. ಪ್ರವಾಹ ತಡೆಯಲೆಂದು ಯಾವ ಕಾಲದಲ್ಲೋ ಕಟ್ಟಿದ ಕಾಂಕ್ರೀಟಿನ ಗೋಡೆ. ಒಂದು ತುದಿಗೆ ಹಳೆಯ ಬಟ್ಟೆ ಗಿರಣಿ, ಇನ್ನೊಂದು ತುದಿಗೆ ಫಿಲಡೆಲ್ಫಿಯಾ ಕಡೆಯಿಂದ ಬರುವ ಸರಕು ರೈಲಿನ ಎತ್ತರದ ಸೇತುವೆ. ಲೆಸ್ಟರ್ ಗಿರಣಿಯ ತುದಿಯಿಂದ ಶುರುಮಾಡಿ ಸೇತುವೆಯ ಕಡೆಗೆ ಬರುವವನು. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ, ಹೊಲ ಉಳುವವನ ಹಾಗೆ ಒಂದು ಸಾಲು ಬಿಡದೆ. ಸೇತುವೆ ಹತ್ತಿರವಾದಾಗ ಅವನ ರೋಲರ್ ಒಂದು ಜಾಗದಲ್ಲಿ ನಿಲ್ಲುತ್ತಿತ್ತು. ಆಮೇಲೆ ಸಣ್ಣ ಕುಂಚ ತೆಗೆದುಕೊಂಡು ಆ ಜಾಗದ ಅಂಚಿಗೆ ಒಂದು ಗೆರೆ ಎಳೆದು, ಸುತ್ತುಹಾಕಿ, ಆಚೆಗೆ ಹೋಗಿ ಮತ್ತೆ ರೋಲರ್ ಎತ್ತಿಕೊಳ್ಳುತ್ತಿದ್ದ.

ಆ ಜಾಗದಲ್ಲಿ ಇದ್ದದ್ದು ಇಂಗ್ಲಿಷ್ ಲಿಪಿಯ ನಾಲ್ಕು ಅಕ್ಷರ. ಕೆಂಪು ಒಡಲು, ಹಸಿರು ಅಂಚು. ಲೋರೋ.

ಆ ಹೆಸರು ಮಿಗ್ದಾಲಿಯಾ ಒತೇರೊ ಎಂಬಾಕೆಯ ಮಗನದು. ಮನೆಯಲ್ಲಿ ಅವನ ಹೆಸರು ಎಫ್ರಾಯಿನ್. ಮಾತು ಬೇಗ ಬಂದು, ಬಂದದ್ದು ನಿಲ್ಲದೆ, ದಿನವಿಡೀ ವಟಗುಟ್ಟುತ್ತಿದ್ದ ಕೂಸನ್ನು ತಾಯಿ ಲೋರೋ ಎಂದು ಕರೆದಳು. ಪೋರ್ಟೊರಿಕೊ ದ್ವೀಪದ ಅವರ ಮಾತಿನಲ್ಲಿ ಲೋರೋ ಎಂದರೆ ಗಿಳಿ. ದೊಡ್ಡವನಾದ ಮೇಲೆ ಅವನು ಅದನ್ನೇ ಗೋಡೆಯ ಮೇಲೆ ಬರೆಯುವ ಹೆಸರಾಗಿ ಇಟ್ಟುಕೊಂಡ. ಒಂದು ನವೆಂಬರಿನ ಇಬ್ಬನಿಯಲ್ಲಿ ರೈಲು ಸೇತುವೆಯ ಕಬ್ಬಿಣದ ಮೇಲೆ ನಿಂತು ಬರೆಯುತ್ತಿದ್ದಾಗ, ಕಾವಲುಗಾರನ ಟಾರ್ಚಿನ ಬೆಳಕು ಬಿದ್ದು, ಓಡಲು ಹೋಗಿ ತೊರೆಯ ಕಲ್ಲುಗಳ ಮೇಲೆ ಬಿದ್ದ. ಮೀಸೆ ಸರಿಯಾಗಿ ಬಂದಿರಲಿಲ್ಲ. ಜೊತೆಗಿದ್ದ ಗೆಳೆಯ ಯಾದಿಯೆಲ್ ಬದುಕಿದ. ಮಣ್ಣಾದ ವಾರದೊಳಗೆ ಅವನೇ ಬಂದು ಈ ಗೋಡೆಯ ಮೇಲೆ ಗೆಳೆಯನ ಹೆಸರು ಬರೆದ.

ಗೋಡೆ ಬರೆಯುವ ಹುಡುಗರಲ್ಲಿ ಒಂದು ಕಟ್ಟಳೆಯಿದೆ. ಬದುಕಿದವರ ಬರಹದ ಮೇಲೆ ಬರೆಯಬಹುದು, ಅದಕ್ಕಿಂತ ಚೆನ್ನಾಗಿ ಬರೆಯುವ ತಾಕತ್ತಿದ್ದರೆ. ಸತ್ತವರ ಮೇಲೆ ಯಾರೂ ಬರೆಯುವಂತಿಲ್ಲ. ಯಾರೂ ಬರೆದಿಟ್ಟ ಕಟ್ಟಳೆಯಲ್ಲ. ಮೂರು ಬೀದಿಯ ಹುಡುಗರು ಒಬ್ಬರನ್ನೊಬ್ಬರು ಕಂಡರಾಗದವರು, ಆದರೂ ಆ ನಾಲ್ಕು ಅಕ್ಷರದ ಮೇಲೆ ಒಂದು ಗೀಟು ಬಿದ್ದಿರಲಿಲ್ಲ.

ಲೆಸ್ಟರ್ ಆ ಕಟ್ಟಳೆಗೆ ಸೇರಿದವನಲ್ಲ. ಆದರೆ ಮೊದಲ ವಸಂತದಲ್ಲಿ ಅವನು ರೋಲರ್ ಹಿಡಿದು ಆ ಜಾಗಕ್ಕೆ ಬಂದಾಗ, ಹಾಲಿನ ಪ್ಲಾಸ್ಟಿಕ್ ಕ್ರೇಟೊಂದನ್ನು ಬೋರಲು ಹಾಕಿಕೊಂಡು ಒಬ್ಬ ಹೆಂಗಸು ಕೂತಿದ್ದಳು, ಆ ಹುಡುಗನ ತಾಯಿ. ಅವಳು ಬೇಡ ಎನ್ನಲಿಲ್ಲ, ಅಳಲೂ ಇಲ್ಲ. ಬೂದಿ ಹತ್ತಿದ ಅವನ ಕೈಯನ್ನು ನೋಡಿ, "ಬೆಳಿಗ್ಗೆಯಿಂದ ಏನಾದ್ರೂ ತಿಂದ್ರಾ?" ಎಂದು ಕೇಳಿದಳು. ಲೆಸ್ಟರ್ ಇಲ್ಲವೆಂದು ತಲೆಯಾಡಿಸಿ, ಸಣ್ಣ ಕುಂಚ ತೆಗೆದು, ಸುತ್ತುಹಾಕಿ ಹೋದ.

ಅವನ ಕೈಗೆ ಅದು ಹೊಸದಾಗಿರಲಿಲ್ಲ. ಗುಡ್ಡದಾಚೆ ಅವನಪ್ಪ ವರ್ಷವರ್ಷವೂ ಹಸುಗಳ ಕೊಟ್ಟಿಗೆಗೆ ಸುಣ್ಣ ಬಳಿಯುತ್ತಿದ್ದ. ಬಾಗಿಲ ಪಕ್ಕದ ಒಂದು ಹಲಗೆಯ ಮೇಲೆ, ಮೊಣಕಾಲೆತ್ತರದಲ್ಲಿ, ಕೆಸರಿನ ಪುಟ್ಟ ಕೈಗುರುತೊಂದಿತ್ತು. ಲೆಸ್ಟರ್ ಹುಟ್ಟುವ ಮೊದಲು ಜ್ವರ ಬಂದು ತೀರಿಕೊಂಡ ಅಕ್ಕ ಎಡ್ನಾಳದು. ಅಪ್ಪನ ಕುಂಚ ಅಲ್ಲಿಗೆ ಬಂದಾಗ ಸುತ್ತಿ ಹೋಗುತ್ತಿತ್ತು. ಯಾಕೆಂದು ಅಪ್ಪ ಹೇಳಲಿಲ್ಲ, ಮಗ ಕೇಳಲಿಲ್ಲ. ಜಮೀನು ಮಾರಿದಾಗ ಕೊಟ್ಟಿಗೆ ಕಿತ್ತು, ಹಳೆಯ ಹಲಗೆಗಳನ್ನು ಯಾವುದೋ ಹೋಟೆಲಿನವರು ಅಲಂಕಾರಕ್ಕೆಂದು ಕೊಂಡುಹೋದರು.

ಇವತ್ತು ಲೆಸ್ಟರ್ ಲಾರಿಯಿಂದ ಏಣಿ ಇಳಿಸುವಷ್ಟರಲ್ಲಿ ಮಿಗ್ದಾಲಿಯಾ ಎದುರಿಗೆ ಬಂದಳು. ಶಾಲೆಯ ಅಡುಗೆಮನೆಯ ಕೆಲಸ ಮುಗಿಸಿ ಬಂದವಳು, ತಲೆಗೆ ಕಟ್ಟಿದ ಬಲೆಯನ್ನೂ ತೆಗೆದಿರಲಿಲ್ಲ. ಕೈಯಲ್ಲಿ ಕಾಫಿಯ ಫ್ಲಾಸ್ಕು. ಮುಖ ಯಾವತ್ತಿನಂತಿರಲಿಲ್ಲ.

"ಏಣಿ ಹಾಗೇ ಇರಲಿ ಡಾನ್ ಲೆಸ್ಟರ್. ಮೊದಲು ಕೂತ್ಕೊಳ್ಳಿ. ನಿಮ್ಮ ಕೆಲಸ ಕಿತ್ಕೊಂಡಿದೀನಿ ನಾನು." ಡಾನ್ ಎಂಬುದು ಅವರ ಮಾತಿನಲ್ಲಿ ಹಿರಿಯರ ಹೆಸರಿಗೆ ಸೇರಿಸುವ ಮರ್ಯಾದೆ, ಹೆಂಗಸಾದರೆ ಡೋನ್ಯಾ.

"ಯಾವ ಕೆಲಸ, ಮಿಸೆಸ್ ಒತೇರೊ?"

"ಈ ಗೋಡೆ. ನಿನ್ನೆ ಸಭೆಯಲ್ಲಿ ಪಾಸಾಯ್ತು! ಇನ್ಮೇಲೆ ಇಲ್ಲಿ ಯಾರು ಬೇಕಾದ್ರೂ ಬರೀಬಹುದು, ಹಗಲಲ್ಲೇ, ಪೊಲೀಸರ ಕಣ್ಣೆದುರಿಗೇ. ನೀವು ನಿಮ್ಮ ಈ ಹಳಸಿದ ಸಾರಿನ ಬಣ್ಣ ತಗೊಂಡು ಬೇರೆ ಕಡೆ ಹೋಗಬೇಕು."

"ಎಷ್ಟು ಮತದ ಅಂತರ?"

"ಒಂದೇ ಒಂದು. ಆ ಬೋಳುತಲೆಯವನು ಕೈ ಎತ್ತಲೋ ಬೇಡವೋ ಅಂತ ಮೀನಮೇಷ ಎಣಿಸ್ತಿದ್ದ. ನಾನು ಅವನ ಮುಖವನ್ನೇ ನೋಡ್ತಾ ನಿಂತೆ. ಎತ್ತಿದ."

ಲೆಸ್ಟರ್ ನಕ್ಕ. ವರ್ಷಾನುಗಟ್ಟಲೆ ಅವಳು ಸಭೆಯಲ್ಲಿ ಸಾರ್ವಜನಿಕರಿಗೆ ಬಿಟ್ಟ ಮೂರು ನಿಮಿಷಕ್ಕೆ ಮೈಕಿನ ಮುಂದೆ ನಿಲ್ಲುತ್ತ ಬಂದಿದ್ದಳು. ಮೊದಮೊದಲು ಅವಳ ಇಂಗ್ಲಿಷಿಗೆ ಹಿಂದೆ ಕೂತವರು ನಗುತ್ತಿದ್ದರು. ಅವಳು ಹೇಳುತ್ತಿದ್ದದ್ದು ಒಂದೇ ಮಾತು: ಮಕ್ಕಳು ಬರೆಯೋದು ಬಿಡಲ್ಲ, ಹತ್ತೋದು ಬಿಡಲಿ. ನೆಲದ ಮೇಲೆ ನಿಂತು ಬರೆಯೋಕೆ ಒಂದು ಗೋಡೆ ಕೊಡಿ.

"ಇನ್ನು ಲೋರೋಗೂ ಕಾಗದಪತ್ರ ಸಿಕ್ಕ ಹಾಗಾಯ್ತು," ಎಂದು ಅವಳು ಆ ನಾಲ್ಕು ಅಕ್ಷರದ ಕಡೆಗೆ ತಿರುಗಿದಳು. "ಇಷ್ಟು ದಿನ ಕದ್ದುಮುಚ್ಚಿ ಇದ್ದ. ನೀವು ಮುದುಕರಾಗ್ತಾ ಇದೀರಿ. ನಿಮ್ಮ ನಂತರ ಬರೋನು ಹೇಗಿರ್ತಾನೋ ಅಂತ ನಂಗೆ ನಿದ್ದೆ ಬರ್ತಿರಲಿಲ್ಲ. ಇನ್ನು ಅವನನ್ನ ಯಾರೂ ಮುಟ್ಟೋ ಹಾಗಿಲ್ಲ. ಕಾನೂನು ಇದೆ."

ಲೆಸ್ಟರ್ ಕಾಫಿ ಕುಡಿದ. ಕಾನೂನಿನ ವಿಷಯ ಅವನಿಗೆ ಗೊತ್ತಿರಲಿಲ್ಲ. ಆದರೂ ಆವತ್ತು ಏಣಿಯನ್ನು ಲಾರಿಗೆ ಏರಿಸುವಾಗ ಅವನ ಮನಸ್ಸಿನಲ್ಲಿ ಎಂಥದೋ ಒಂದು ಸಣ್ಣ ಮುಳ್ಳು ಇತ್ತು.

ಮೇ ತಿಂಗಳಲ್ಲಿ ಯೋಜನಾ ವಿಭಾಗದ ಕ್ಯಾರಿನ್ ಆಯ್ಲರ್ ನಕ್ಷೆ ಹಿಡಿದು ಗೋಡೆಗೆ ಬಂದಳು. ಆಗಷ್ಟೇ ಮೂವತ್ತು ದಾಟಿದ್ದ, ಕೆಸರಿಗೆಂದು ರಬ್ಬರ್ ಬೂಟು ಹಾಕಿಕೊಂಡು ಬರುವಷ್ಟು ತಿಳಿವಳಿಕೆಯಿದ್ದ ಹೆಣ್ಣುಮಗಳು. ಮಿಗ್ದಾಲಿಯಾಳನ್ನು ಅವಳೇ ಕರೆದಿದ್ದಳು. ಬಳಿಯುವ ಕೆಲಸದ ಅಂದಾಜಿಗೆ ಲೆಸ್ಟರನನ್ನು. ಯಾದಿಯೆಲ್‌ನನ್ನು ಯಾರೂ ಕರೆದಿರಲಿಲ್ಲ, ತಾನೇ ಬಂದಿದ್ದ. ಕಾರುಗಳ ಡೊಂಕು ತಿದ್ದಿ ಬಣ್ಣ ಹೊಡೆಯುವ ಗ್ಯಾರೇಜಿನಲ್ಲಿ ಈಗ ಅವನಿಗೆ ಕೆಲಸ. ಗಡ್ಡದಲ್ಲಿ ಒಂದೆರಡು ಬಿಳಿ ಕೂದಲು. ಅವನು ಮಿಗ್ದಾಲಿಯಾಳಿಂದ ನಾಲ್ಕು ಮಾರು ದೂರ ನಿಂತ. ಯಾವಾಗಲೂ ಹಾಗೆಯೇ ನಿಲ್ಲುವವನು.

ಕ್ಯಾರಿನ್ ಉತ್ಸಾಹದಲ್ಲೇ ವಿವರಿಸಿದಳು. ಈ ಗೋಡೆಯನ್ನು ಯಾಕೆ ಆರಿಸಿದೆವು: ಎದುರಿಗೆ ಮನೆಗಳಿಲ್ಲ, ದಾರಿ ಅಗಲ, ನಡೆದಾಡುವವರ ಕಣ್ಣಿರುತ್ತದೆ, ಏಣಿ ಬೇಡ, ರೈಲು ಹಳಿ ದಾಟುವುದು ಬೇಡ. ಕಸಕ್ಕೆ ತೊಟ್ಟಿ, ಖಾಲಿ ಡಬ್ಬಿಗೆ ಬೇರೆ ತೊಟ್ಟಿ. ಯಾರ ಅನುಮತಿಯೂ ಬೇಡ, ಹೆಸರು ಬರೆಸುವುದೂ ಬೇಡ.

"ಒಟ್ಟಿನಲ್ಲಿ ಗೋಡೆ ಯಾರದ್ದೂ ಅಲ್ಲ," ಎಂದಳು. "ಇವತ್ತು ಒಬ್ಬರು ಬರೆದದ್ದರ ಮೇಲೆ ನಾಳೆ ಇನ್ನೊಬ್ಬರು ಬರೀಬಹುದು. ಯಾರ ಚಿತ್ರಕ್ಕೂ ರಕ್ಷಣೆ ಇಲ್ಲ. ಎಲ್ಲಾ ಊರಲ್ಲೂ ಇಂಥ ಗೋಡೆ ಬಾಳೋದೇ ಹಾಗೆ. ಶುರುವಿಗೆ ಉದ್ದಕ್ಕೂ ಒಂದೇ ಬಣ್ಣ ಬಳಿದು ಕೊಡ್ತೀವಿ. ಈ ತುದಿಯಿಂದ ಆ ತುದಿವರೆಗೂ."

ಮಿಗ್ದಾಲಿಯಾ ಆ ಹೆಸರಿನ ಕಡೆಗೆ ತಿರುಗಿದಳು.

"ಉದ್ದಕ್ಕೂ ಅಂದ್ರೆ?" ಎಂದಳು ಮಿಗ್ದಾಲಿಯಾ. "ಲೋರೋನ ಬಿಟ್ಟು, ಅಲ್ವಾ?"

ಕ್ಯಾರಿನ್ ಕೈಯಲ್ಲಿದ್ದ ನಕ್ಷೆಯನ್ನೂ ಗೋಡೆಯನ್ನೂ ನೋಡಿದಳು. ಆ ಬರಹ ಯಾರದೆಂದು ಅವಳಿಗೆ ಗೊತ್ತಿತ್ತು. ಆದರೆ ಸಭೆಯಲ್ಲಿ ಈ ತಾಯಿ ಎಲ್ಲರಿಗೂ ಗೋಡೆ ಕೊಡಿ ಎಂದು ಕೇಳಿದ್ದಳೇ ಹೊರತು ಮಗನ ಹೆಸರು ಉಳಿಸಿ ಎಂದು ಒಂದು ಸಲವೂ ಕೇಳಿರಲಿಲ್ಲ. ಕೇಳಬೇಕಾಗಿದೆ ಎಂದು ಆ ತಾಯಿಗೆ ತೋಚಿರಲಿಲ್ಲ.

"ಮಿಸೆಸ್ ಒತೇರೊ... ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ ನಾನು."

"ಏನು ಗೊತ್ತಿದೆ?"

"ಒಂದು ಹೆಸರನ್ನ ನಾವು ಉಳಿಸಿದ್ರೆ ಅದು ನಗರಸಭೆಯೇ ಬರೆಸಿದ ಹೆಸರಾಗುತ್ತೆ. ಆಮೇಲೆ ಇನ್ನೊಬ್ಬರು ಬಂದು ನಮ್ಮದನ್ನೂ ಉಳಿಸಿ ಅಂದ್ರೆ ಆಗಲ್ಲ ಅನ್ನೋಕೆ ಬಾಯಿರಲ್ಲ. ನಮ್ಮ ವಕೀಲರು ಮೊದಲೇ ಹೇಳಿದಾರೆ. ಒಂದು ಬೆಂಚು ಹಾಕಿಸೋಣ, ಅದರ ಮೇಲೆ ಹಿತ್ತಾಳೆ ಫಲಕ..."

"ಬೆಂಚು!" ಎಂದು ಯಾದಿಯೆಲ್ ಸಿಡುಕಿದ. "ಅವನು ಯಾವತ್ತಾದ್ರೂ ಒಂದು ಕಡೆ ಕೂತಿದ್ನಾ? ನೋಡಿ ಮೇಡಂ, ಇದು ಕಳ್ಳಗೋಡೆ ಆಗಿದ್ದಾಗ ಅವನನ್ನ ಒಬ್ಬರೂ ಮುಟ್ಟಲಿಲ್ಲ. ಪೊಲೀಸರು ಮುಟ್ಟಲಿಲ್ಲ. ಈ ಬೂದಿ ತಾತ ಮುಟ್ಟಲಿಲ್ಲ. ಒಳ್ಳೇ ಗೋಡೆ ಆದ ತಕ್ಷಣ ಅಳಿಸಬೇಕಾ?"

"ಬೇರೆ ಗೋಡೆ ಇಲ್ವಾ?" ಎಂದು ಲೆಸ್ಟರ್ ಕೇಳಿದ.

"ಉಪ್ಪಿನ ಗೋದಾಮಿನ ಹಿಂದೆ ಒಂದಿದೆ. ಅಲ್ಲಿಗೆ ಹೋಗಬೇಕಾದ್ರೆ ಹಳಿ ದಾಟಬೇಕು." ಕ್ಯಾರಿನ್ ಧ್ವನಿ ತಗ್ಗಿಸಿದಳು. "ಮತ್ತೆ, ಏನೇ ಬದಲಾಯಿಸಿದ್ರೂ ಸಭೆಗೆ ವಾಪಸ್ ಹೋಗಬೇಕು. ಆ ಒಂದು ಮತ ಎರಡನೇ ಸಲ ಸಿಗುತ್ತೆ ಅಂತ ನಾನು ಹೇಳಲಾರೆ. ನೀವು ತಕರಾರು ಕೊಟ್ರೆ ನಾನು ತಡೆಯಲ್ಲ, ಮಿಸೆಸ್ ಒತೇರೊ. ನಿಮ್ಮ ಪರವಾಗಿಯೇ ಬರೀತೀನಿ. ಆದ್ರೆ ಗೋಡೆ ಹೋಗುತ್ತೆ."

ಮಿಗ್ದಾಲಿಯಾ ತನ್ನ ಹಳೆಯ ಕ್ರೇಟಿನ ಮೇಲೆ ಕೂತಳು. ಕೂತವಳು ಕ್ಯಾರಿನ್ ಹೊರಟುಹೋದ ಮೇಲೂ ಏಳಲಿಲ್ಲ.

"ತಕರಾರು ಕೊಡಿ, ಡೋನ್ಯಾ ಮಿಗ್ದಾ," ಎಂದ ಯಾದಿಯೆಲ್. "ಗೋಡೆ ಹೋದ್ರೆ ಹೋಗಲಿ. ನಾವು ಗೋಡೆ ಇಲ್ಲದೇನೇ ಬೆಳೆದೋರು."

"ಎಲ್ಲರೂ ಬೆಳೆದ್ರೇನೋ?" ಎಂದಳು ಅವಳು.

ಯಾದಿಯೆಲ್ ಬೆನ್ನು ತಿರುಗಿಸಿ ಸೇತುವೆಯ ಕಡೆ ನಡೆದ.

ಅವರಿಬ್ಬರ ನಡುವೆ ಒಂದು ಹಳೆಯ ಬಾಕಿ ಇತ್ತು. ಅವರ ಜನರಲ್ಲಿ ಮಕ್ಕಳು ಹಿರಿಯರನ್ನು ಕಂಡ ಕೂಡಲೇ "ಆಶೀರ್ವಾದ" ಎಂದು ಕೇಳಬೇಕು, ಹಿರಿಯರು "ದೇವರು ನಿನ್ನ ಹರಸಲಿ" ಎನ್ನಬೇಕು. ಬಾಗಿಲಲ್ಲಿ, ಬೀದಿಯಲ್ಲಿ, ಫೋನಿನಲ್ಲಿ, ಎಲ್ಲಿದ್ದರೂ. ಕೇಳಿದವರು ಪರರ ಮಕ್ಕಳಾದರೂ ಇಲ್ಲವೆನ್ನುವ ಪದ್ಧತಿಯಿಲ್ಲ. ಎಫ್ರಾಯಿನ್‌ನ ಪೆಟ್ಟಿಗೆಯ ಪಕ್ಕದಲ್ಲಿ ನಿಂತು ಯಾದಿಯೆಲ್ ಆವತ್ತು ಕೇಳಿದ್ದ. ಮಿಗ್ದಾಲಿಯಾ ಅವನ ಮುಖ ನೋಡಿ ಸುಮ್ಮನಿದ್ದಳು. ಹಿಂದಿನ ವಾರ ಮಲಗಲು ಹೊರಟಿದ್ದ ಮಗನನ್ನು ಕಿಟಕಿಯ ಕೆಳಗಿನಿಂದ ಸಿಳ್ಳೆ ಹೊಡೆದು ಕರೆದವನು ಅವನೇ. ಆ ಸಿಳ್ಳೆ ಅವಳ ಕಿವಿಯಲ್ಲಿತ್ತು. ಅಂದಿನಿಂದ ಅವನು ಕೇಳಲಿಲ್ಲ, ಅವಳು ಕೊಡಲಿಲ್ಲ. ಪ್ರತಿ ನವೆಂಬರಿನಲ್ಲೂ ಬಂದು ಮಾಸಿದ ಕೆಂಪಿಗೆ ಕೆಂಪು, ಹಸಿರಿಗೆ ಹಸಿರು ಕೊಟ್ಟು ಹೋಗುತ್ತಿದ್ದ. ಅವಳು ಕಾಫಿ ತಂದು ಕ್ರೇಟಿನ ಮೇಲಿಟ್ಟು ದೂರ ಹೋಗಿ ನಿಲ್ಲುತ್ತಿದ್ದಳು.

ಜೂನ್ ಮೊದಲ ವಾರ ಲೆಸ್ಟರನ ಮೇಸ್ತ್ರಿ ತೊರೆಗೋಡೆಯ ಕೆಲಸವನ್ನು ಗುರುವಾರಕ್ಕೆ ಹಾಕಿದ. ಬುಧವಾರ ಸಂಜೆ ಲೆಸ್ಟರ್ ಅವಳ ಮನೆಗೆ ಹೋದ. ಸಾಲುಮನೆಗಳ ನಡುವಿನ ಇಕ್ಕಟ್ಟಾದ ಮನೆ. ಮೆಟ್ಟಿಲ ಮೇಲೆ ಕುಂಡದಲ್ಲಿ ಮೆಣಸಿನ ಗಿಡ. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದು ಮೆಟ್ಟಿಲ ಕೆಳಗೇ ನಿಂತ.

"ಒಳಗೆ ಬನ್ನಿ, ಡಾನ್ ಲೆಸ್ಟರ್. ಸಾಲ ಕೇಳೋಕೆ ಬಂದೋರ ಹಾಗೆ ಯಾಕೆ ನಿಂತ್ರಿ?"

"ನಾಳೆಗೆ ಹಾಕಿದಾರೆ, ಮಿಸೆಸ್ ಒತೇರೊ. ತಕರಾರು ಬಂದಿಲ್ಲ ಅಂದ್ರು."

"ಕೊಡಲಿಲ್ಲ."

"ನನಗೆ ಸೊಂಟ ಹಿಡ್ಕೊಂಡಿದೆ ಅಂತ ಹೇಳಿಬಿಡಬಹುದು. ಬೇರೆ ಯಾರನ್ನಾದ್ರೂ ಕಳಿಸ್ತಾರೆ."

ಅವಳು ಬಾಗಿಲಿಗೆ ಒರಗಿ ಯೋಚಿಸಿದಳು. "ಬೇಡ. ಬೇರೆಯವರಾದ್ರೆ ಅವನ ಮೇಲೆ ಸೀದಾ ರೋಲರ್ ಎಳೀತಾರೆ. ನೀವಾದ್ರೆ ಕೊನೆಗೆ ಬರ್ತೀರಿ."

ಆಮೇಲೆ "ನಿಲ್ಲಿ" ಎಂದು ನೆಲಮಾಳಿಗೆಗೆ ಇಳಿದು ಹೋದಳು. ಬಹಳ ಹೊತ್ತು ಏನೇನೋ ಸರಿಸುವ ಸದ್ದು. ಮೇಲೆ ಬಂದಾಗ ಕೈಯಲ್ಲಿ ಮುಚ್ಚಳಕ್ಕೆ ತುಕ್ಕು ಹಿಡಿದ ಬಣ್ಣದ ಡಬ್ಬಿ.

"ಅವನ ಕೋಣೆಯದು. ಹತ್ತನೇ ವಯಸ್ಸಲ್ಲಿ ಗಿಳಿಹಸಿರೇ ಬೇಕು ಅಂತ ಹಟ ಹಿಡಿದ. ಅವರಪ್ಪ, ಆಗಿನ್ನೂ ಇದ್ರು, ಈ ಬಣ್ಣದ ಕೋಣೆಯಲ್ಲಿ ಮಲಗಿದೋನು ಹುಚ್ಚನಾಗ್ತಾನೆ ಅಂತ ಬೈಕೊಂಡೇ ಹೊಡೆದ್ರು. ಅರ್ಧ ಉಳೀತು. ನಿಮ್ಮ ಪೀಪಾಯಿಗೆ ಎಲ್ಲರ ಮನೇದೂ ಹಾಕ್ತೀರಲ್ಲ, ಇದನ್ನೂ ಹಾಕಿ. ಗೋಡೆ ಉದ್ದಕ್ಕೂ ಒಂದು ಚೂರಾದ್ರೂ ಇರಲಿ."

ಲೆಸ್ಟರ್ ಮೆಟ್ಟಿಲ ಮೇಲೆ ಕೂತು ಜೇಬಿನ ಚಾಕುವಿನಿಂದ ಮುಚ್ಚಳ ಮೀಟಿದ. ಒಳಗೆ ಬಣ್ಣ ಒಣಗಿ ಕಲ್ಲಾಗಿತ್ತು. ಡಬ್ಬಿ ಬೋರಲು ಹಾಕಿದರೂ ಒಂದು ಹನಿ ಬೀಳುವಂತಿರಲಿಲ್ಲ. ಮೇಲ್ಗಡೆ ಧೂಳಿನ ಬಿಳುಪು. ಚಾಕುವಿನ ತುದಿ ತಾಗಿದ ಕಡೆ ಮಾತ್ರ ಒಂದು ಗೀಟು ಹಸಿರು.

ಇಬ್ಬರೂ ಅದನ್ನೇ ನೋಡಿದರು.

"ನೀರು ಹಾಕಿದ್ರೆ?" ಎಂದಳು.

"ಇಲ್ಲ, ಮಿಸೆಸ್ ಒತೇರೊ. ಹೆಪ್ಪುಗಟ್ಟಿದ್ದು ಇನ್ನು ಬಿಡಲ್ಲ."

"ಹೌದಾ," ಎಂದು ಡಬ್ಬಿಯನ್ನು ಅವನ ಕೈಯಿಂದ ತೆಗೆದುಕೊಂಡು, ಮುಚ್ಚಳವನ್ನು ಹುಡುಕಿ ಒತ್ತಿ ಮುಚ್ಚಿದಳು. "ನಾನು ಎಂಥ ಪೆದ್ದಿ ನೋಡಿ. ಇಷ್ಟು ವರ್ಷ ಒಳಗೆ ತುಳುಕ್ತಾ ಇದೆ ಅಂತಲೇ ಅಂದ್ಕೊಂಡಿದ್ದೆ."

ಗುರುವಾರ ಮೋಡವಿತ್ತು, ಮಳೆಯಿರಲಿಲ್ಲ. ಬಣ್ಣಕ್ಕೆ ಒಳ್ಳೆಯ ದಿನ. ಲೆಸ್ಟರ್ ಗಿರಣಿಯ ತುದಿಯಿಂದ ಶುರುಮಾಡಿದ. ಮಧ್ಯಾಹ್ನದ ಹೊತ್ತಿಗೆ ಸೇತುವೆಯ ತನಕ ಬಂದ. ಬಂದವನು ರೂಢಿಯಂತೆ ಸಣ್ಣ ಕುಂಚಕ್ಕೆ ಕೈ ಹಾಕಿದ. ಕೈ ತಾನಾಗಿಯೇ ಹೋಯಿತು. ಅದನ್ನು ಮತ್ತೆ ಡಬ್ಬಿಯಲ್ಲಿ ಇಟ್ಟ. ಆ ಜಾಗವನ್ನು ದಾಟಿ ಸೇತುವೆಯ ಬುಡದವರೆಗೂ ಬಳಿದು ಮುಗಿಸಿ ಹಿಂದಕ್ಕೆ ಬಂದ.

ಮಿಗ್ದಾಲಿಯಾ ಕ್ರೇಟಿನ ಮೇಲೆ ಕೂತಿದ್ದಳು. ಯಾದಿಯೆಲ್ ಗ್ಯಾರೇಜಿನ ನೀಲಿ ಬಟ್ಟೆಯಲ್ಲೇ ಬಂದು ತನ್ನ ದೂರದಲ್ಲಿ ನಿಂತಿದ್ದ.

"ಶುರು ಮಾಡಲಾ?" ಎಂದ ಲೆಸ್ಟರ್.

ಅವಳು ಎದ್ದು ಗೋಡೆಯ ಹತ್ತಿರ ಹೋದಳು. ವರ್ಷವರ್ಷದ ಬೂದಿ ಪದರ ಪದರವಾಗಿ ಏರಿ, ಆ ಹೆಸರಿನ ಸುತ್ತ ಒಂದು ಕಟ್ಟೆಯಂತೆ ನಿಂತಿತ್ತು. ಆ ಅಂಚಿನ ಮೇಲೆ ಬೆರಳಾಡಿಸಿದಳು. ಅಕ್ಷರಗಳನ್ನು ಮುಟ್ಟಲಿಲ್ಲ. ಹಿಂದಕ್ಕೆ ಬಂದು ಕೂತಳು.

"ಮಾಡಿ."

ಲೆಸ್ಟರ್ ಮೇಲಿಂದ ಕೆಳಗೆ ಎಳೆದ. ಒಂದು ಅಕ್ಷರ ಹೋಯಿತು, ಎರಡು ಹೋಯಿತು. ಯಾದಿಯೆಲ್ ನೆಲ ನೋಡುತ್ತಿದ್ದ. ನಾಲ್ಕೂ ಮುಚ್ಚಿದ ಮೇಲೆ ಲೆಸ್ಟರ್ ಬಕೆಟ್ಟಿನ ಪಕ್ಕದಲ್ಲಿ ಕೂತ. ಒಣಗುತ್ತ ಬಂದ ಹಾಗೆ ಬೂದಿಯೊಳಗಿಂದ ಕೆಂಪು ಮೇಲೆ ಬರತೊಡಗಿತು. ಮೊದಲು ನಸುಗೆಂಪು ಕಲೆ, ಆಮೇಲೆ ಅಕ್ಷರದ ಆಕಾರ. ಹೊಗೆಯ ಹಿಂದೆ ನಿಂತವರ ಮುಖದಂತೆ ಹೆಸರು ಕಾಣಿಸಿತು.

"ಕೆಂಪು ಹಾಗೇ," ಎಂದ ಲೆಸ್ಟರ್, ಯಾರ ಕಡೆಗೂ ನೋಡದೆ. "ಅಡಿಯಿಂದ ಸೋರುತ್ತೆ."

"ಇಷ್ಟಕ್ಕೇ ಬಿಡಿ ತಾತ," ಎಂದ ಯಾದಿಯೆಲ್. "ಬಳಿದಿದೀವಿ ಅಂತ ಹೇಳಿ. ಯಾರು ಬಂದು ನೋಡ್ತಾರೆ?"

ಲೆಸ್ಟರ್ ಮಿಗ್ದಾಲಿಯಾಳ ಕಡೆ ತಿರುಗಿದ.

"ಬೇರೆ ಹುಡುಗರ ಕೆಂಪು ಸೋರಿದ್ರೆ ಏನ್ಮಾಡ್ತೀರಿ?" ಎಂದು ಅವಳು ಕೇಳಿದಳು.

"ಇನ್ನೊಂದು ಕೈ ಬಳೀತೀನಿ."

"ಹಂಗಿದ್ರೆ ಬಳೀರಿ. ಹೀಗೆ ಅರ್ಧ ಕಾಣ್ತಾ ಇದ್ರೆ ಮಕ್ಕಳು ಹೆದರ್ಕೊಂಡು ಇದರ ಹತ್ರ ಬರಲ್ಲ. ಅವನಿಗೆ ಒಬ್ಬನೇ ಇರೋದು ಯಾವತ್ತೂ ಆಗ್ತಿರಲಿಲ್ಲ."

ಲೆಸ್ಟರ್ ಎರಡನೆಯ ಕೈ ಬಳಿದ. ಆಮೇಲೆ ಅಲ್ಲಿ ಏನೂ ಇರಲಿಲ್ಲ.

ಶನಿವಾರ ಗೋಡೆಯನ್ನು ಬಿಟ್ಟುಕೊಟ್ಟರು. ಬೋಳುತಲೆಯ ಸದಸ್ಯ ನಾಲ್ಕು ಮಾತಾಡಿದ. ಕ್ಯಾರಿನ್ ನಿಂಬೆಹಣ್ಣಿನ ಪಾನಕ ಹಂಚಿದಳು. ಮಿಗ್ದಾಲಿಯಾಳನ್ನು ಮುಂದೆ ಕರೆದಾಗ ಅವಳು ಎದ್ದು ನಿಂತು ಕೈಬೀಸಿ ಮತ್ತೆ ಕೂತಳು. ಆಮೇಲೆ ಹುಡುಗರು ಹುಡುಗಿಯರು ಚೀಲಗಳಿಂದ ಡಬ್ಬಿಗಳನ್ನು ತೆಗೆದು ಅಲ್ಲಾಡಿಸತೊಡಗಿದರು. ಡಬ್ಬಿಯೊಳಗಿನ ಗುಂಡು ಗಲಗಲ ಎನ್ನುವ ಸದ್ದು ತೊರೆಯ ಉದ್ದಕ್ಕೂ ಎದ್ದಿತು. ಊರಿನ ಹಳಬರು, ಲೋರೋನನ್ನು ಬಲ್ಲವರು, ಸೇತುವೆಯ ಹತ್ತಿರದ ಆ ಜಾಗವನ್ನು ಬಿಟ್ಟು ಈ ಕಡೆ ಆ ಕಡೆ ಹಂಚಿಕೊಂಡರು. ಯಾರೂ ಯಾರಿಗೂ ಹೇಳಿರಲಿಲ್ಲ. ಗೋಡೆಯೆಲ್ಲ ತುಂಬುತ್ತ ಬಂದರೂ ಅಲ್ಲಿ ಬೂದಿ ಹಾಗೇ ಇತ್ತು.

ಅಷ್ಟರಲ್ಲಿ ತಡವಾಗಿ ಬಂದ ಒಬ್ಬ ಹುಡುಗಿ, ಎರಡು ಜಡೆಯವಳು, ಬೇರೆ ಜಾಗ ಕಾಣದೆ ಸೀದಾ ಅಲ್ಲಿಗೆ ಹೋಗಿ ಚೀಲ ಇಳಿಸಿದಳು. ಈ ಊರಿಗೆ ಬಂದು ವರ್ಷವೂ ಆಗಿರದವಳು. ಡಬ್ಬಿಯನ್ನು ಗೋಡೆಗೆ ತೀರ ಹತ್ತಿರ ಹಿಡಿದು ಒತ್ತಿದಳು. ನೇರಳೆ ಬಣ್ಣ ಒಂದೇ ಕಡೆ ತುಂಬಿ ಕೆಳಗೆ ಸುರಿಯಿತು.

ಯಾದಿಯೆಲ್ ಎರಡು ಹೆಜ್ಜೆ ಮುಂದಿಟ್ಟ. ಮಿಗ್ದಾಲಿಯಾ ಎದ್ದು ಅವನ ತೋಳು ಹಿಡಿದಳು. ಇಷ್ಟು ವರ್ಷಗಳಲ್ಲಿ ಅವನನ್ನು ಅವಳು ಮುಟ್ಟಿದ್ದು ಅದೇ ಮೊದಲು.

"ಗದರಿಸಬೇಡ ಕಣೋ."

"ಅವಳಿಗೆ ಗೊತ್ತಿಲ್ಲ, ಡೋನ್ಯಾ ಮಿಗ್ದಾ. ಬರೀ ಹೇಳ್ತೀನಿ."

"ಏನಂತ ಹೇಳ್ತೀಯ? ಹೇಳಿದ್ರೆ ಡಬ್ಬಿ ಚೀಲಕ್ಕೆ ಹಾಕ್ಕೊಂಡು ಹೋಗ್ತಾಳೆ. ಎಲ್ಲಿಗೆ ಹೋಗ್ತಾಳೆ?" ಅವಳು ಸೇತುವೆಯ ಕಡೆ ನೋಡಲಿಲ್ಲ. ನೋಡಬೇಕಾಗಿರಲಿಲ್ಲ. "ಹೇಗೆ ಸುರೀತಾ ಇದೆ ನೋಡು. ಡಬ್ಬಿ ಹಿಡಿಯೋದು ಬರಲ್ಲ ಪಾಪ. ಹೋಗಿ ತೋರಿಸಿಕೊಡು."

ಯಾದಿಯೆಲ್ ಹೋದ. ಹುಡುಗಿಯ ಪಕ್ಕದಲ್ಲಿ ನಿಂತು, ಡಬ್ಬಿಯನ್ನು ಗೋಡೆಯಿಂದ ಒಂದು ಗೇಣು ಹಿಂದಕ್ಕೆಳೆದು, ಕೈ ನಿಲ್ಲಿಸದೆ ಹೇಗೆ ಒಯ್ಯಬೇಕೆಂದು ಗಾಳಿಯಲ್ಲಿ ತೋರಿಸಿದ. ಹುಡುಗಿ ಒಮ್ಮೆ ಎಳೆದಳು. ಇನ್ನೊಮ್ಮೆ ಎಳೆದಳು.

"ಇಲ್ಲೊಂದು ಅಂಚು ಇದೆ, ಅಂಕಲ್," ಎಂದು ಅವಳು ಗೋಡೆ ಸವರಿದಳು. "ಚೌಕಟ್ಟಿನ ಹಾಗೆ ಸುತ್ತಲೂ ಇದೆ. ನನ್ನ ಗೆರೆ ಅಲ್ಲಿಗೆ ಬಂದ್ರೆ ಮುರಿಯುತ್ತೆ. ಏನಿದು?"

ಹಿಂದಿನಿಂದ ಮಿಗ್ದಾಲಿಯಾ ಹೇಳಿದಳು, "ಹಳೇ ಗೋಡೆ ಕಣಮ್ಮಾ. ಅದರ ಒಳಗೇ ಬರಿ, ಚೆನ್ನಾಗಿ ಕಾಣುತ್ತೆ."

ಹುಡುಗಿ ಅದರ ಒಳಗೇ ಬರೆದಳು. ಅಕ್ಷರಗಳು ಡೊಂಕಾಗಿದ್ದವು. ಹೆಸರು ಏನೆಂದು ಓದಲೂ ಬರುತ್ತಿರಲಿಲ್ಲ. ಮುಗಿಸಿ, ದೂರ ಹೋಗಿ ನಿಂತು ನೋಡಿ, ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಸಂಜೆಗೆ ಜನ ಕರಗಿದರು. ಲೆಸ್ಟರ್ ರಜೆಯ ದಿನವಾದರೂ ಬಂದವನು, ಚೆಲ್ಲಿದ್ದ ಲೋಟಗಳನ್ನು ಹೆಕ್ಕಿ ತೊಟ್ಟಿಗೆ ಹಾಕುತ್ತಿದ್ದ. ಸೇತುವೆಯ ಮೇಲೆ ಸರಕು ರೈಲು ನಿಧಾನವಾಗಿ ಹೋಯಿತು. ಯಾದಿಯೆಲ್ ಬೆರಳುಗಳ ನೇರಳೆಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ಮಿಗ್ದಾಲಿಯಾಳ ಹತ್ತಿರ ಬಂದ. ಈ ಸಲ ನಾಲ್ಕು ಮಾರು ದೂರ ನಿಲ್ಲಲಿಲ್ಲ.

"ನವೆಂಬರಿಗೆ ನಾನಿನ್ನು ಏನು ಮಾಡಲಿ?" ಎಂದ.

ಅವಳು ಫ್ಲಾಸ್ಕಿನ ಮುಚ್ಚಳ ತಿರುಗಿಸಿದಳು.

ಯಾದಿಯೆಲ್ ಟೋಪಿ ತೆಗೆದ. ಚಿಕ್ಕ ಹುಡುಗರು ಹೊಸ್ತಿಲಲ್ಲಿ ನಿಂತು ಕೇಳುವ ಹಾಗೆ, ತಲೆ ಸ್ವಲ್ಪ ಬಗ್ಗಿಸಿ, "ಆಶೀರ್ವಾದ, ಡೋನ್ಯಾ ಮಿಗ್ದಾ," ಎಂದ.

ಲೆಸ್ಟರ್ ಬೇರೆ ಕಡೆ ಮುಖ ತಿರುಗಿಸಿ ನಿಂತ.

ಮಿಗ್ದಾಲಿಯಾ ಅವನ ಮುಖ ನೋಡಿದಳು. ಗೋಡೆ ನೋಡಿದಳು. ಕೊಡಬೇಕೆಂದೇ ಬಾಯಿ ತೆರೆದಳು. "ದೇವರು..." ಎಂದಳು. ಅಲ್ಲಿಗೆ ನಿಂತಿತು. ಅವಳಿಗೇ ಅಚ್ಚರಿಯಾದಂತೆ ಕಂಡಿತು. ಗೋಡೆ ಕೊಟ್ಟವಳಿಗೆ ಇದೊಂದು ಕೊಡಲಾಗಲಿಲ್ಲ. ಆ ಸಿಳ್ಳೆ ಇನ್ನೂ ಕಿವಿಯಲ್ಲೇ ಇತ್ತು.

ಯಾದಿಯೆಲ್ ಕಾದ. ಕಾದು, ಟೋಪಿಯನ್ನು ತಲೆಗೆ ಹಾಕಿಕೊಂಡ.

"ಇರಲಿ," ಎಂದ. "ಅರ್ಧ ಬಂತಲ್ಲ."

"ನಾಳೆ ತೊಗರಿಕಾಳಿನ ಅನ್ನ ಮಾಡ್ತೀನಿ," ಎಂದಳು ಮಿಗ್ದಾಲಿಯಾ, ಕಣ್ಣೊರೆಸಿಕೊಳ್ಳದೆಯೇ. "ಬಾ. ಡಾನ್ ಲೆಸ್ಟರನ್ನೂ ಕರ್ಕೊಂಡು ಬಾ."

ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿ ಯಾದಿಯೆಲ್‌ನ ಕೈಗೇ ಕೊಟ್ಟಳು. ಅವನು ನಿಂತೇ ಕುಡಿದ. ಕಾಫಿ ಆರಿಹೋಗಿತ್ತು.